ಡಿಸ್ಕೇ ಇಲ್ಲದ ಯಂತ್ರದಲ್ಲಿ ಅಳಿಸೋದೇನು?

ಇಂಗ್ಲೆಂಡಿನ ಕೇಂಬ್ರಿಜ್ ಹತ್ತಿರದ ಒಂದು ಚಾರಿಟಿಗೆ ಶನಿವಾರ ಕೈಜೋಡಿಸಲು ಹೋಗುತ್ತೇನೆ. ಜನ ಕೊಟ್ಟ ಹಳೆ ಲ್ಯಾಪ್‌ಟಾಪ್‌ಗಳ ಡಿಸ್ಕ್ ಅಳಿಸಿ, ರಿಪೇರಿ ಮಾಡಿ, ಶಾಲೆಗಳಿಗೂ ಕೈಯಲ್ಲಿ ದುಡ್ಡಿಲ್ಲದ ಮನೆಗಳಿಗೂ ಕೊಡುತ್ತಾರೆ. ಒಳ್ಳೆ ಕೆಲಸ. ಆದರೆ ಇವತ್ತಿನ ಸಾಫ್ಟ್‌ವೇರ್ ಓಡದ್ದೆಲ್ಲ ಬಾಗಿಲ ಪಕ್ಕದ ಕಬ್ಬಿಣದ ಪಂಜರಕ್ಕೆ ಬೀಳುತ್ತದೆ. ಅಲ್ಲಿಂದ ಲಾರಿ ಹತ್ತಿ ಪುಡಿಯಾಗುತ್ತದೆ.

ಕಳೆದ ಚಳಿಗಾಲದಲ್ಲಿ ಆ ಪಂಜರದಲ್ಲಿ, ಪ್ರಿಂಟರ್‌ಗಳ ಕೆಳಗೆ, ಕೆಂಪು ಕೀಗಳ ಒಂದು ಸಾಲು ಕಂಡಿತು. ಬಿಬಿಸಿ ಮೈಕ್ರೊ! 1981ರ ಕೊನೆಗೆ ಕೇಂಬ್ರಿಜ್‌ನದ್ದೇ ಆದ ಅಕಾರ್ನ್ ಕಂಪನಿ ತಂದ ಕಂಪ್ಯೂಟರ್. 1984ರಲ್ಲಿ ಭಾರತ ಸರ್ಕಾರ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ 'ಕ್ಲಾಸ್' ಯೋಜನೆ ಶುರು ಮಾಡಿದಾಗ ನಮ್ಮ ಶಾಲೆಗಳಿಗೆ ಬಂದದ್ದೂ ಇದೇ. ಚಪ್ಪಲಿ ಹೊರಗೆ ಬಿಟ್ಟು, ಸರದಿ ಕಾದು, ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದೆರಡು ಸಾಲು ಟೈಪ್ ಮಾಡುತ್ತಿದ್ದೆವು.

ಮ್ಯಾನೇಜರ್‌ರನ್ನು, ಇದನ್ನು ನನಗೆ ಕೊಡ್ತೀರಾ ಎಂದು ಕೇಳಿದೆ. "ಕೊಡೋಕೆ ಆಗಲ್ಲ. ಮಾಹಿತಿಯೆಲ್ಲ ನಾಶ ಮಾಡ್ತೀವಿ ಅಂತ ಕೊಟ್ಟವರಿಗೆ ಬರೆದುಕೊಟ್ಟಿದ್ದೀವಿ" ಎಂದರು. ಅವರ ಮಾತು ತಪ್ಪಲ್ಲ. ಯಾರದೋ ಬ್ಯಾಂಕ್ ವಿವರ ಬೇರೆಯವರ ಕೈ ಸೇರಿದರೆ ಆಮೇಲೆ ಯಾರೂ ಅಲ್ಲಿಗೆ ಏನನ್ನೂ ಕೊಡುವುದಿಲ್ಲ. ಆದರೆ ಇದರಲ್ಲಿ ಹಾರ್ಡ್ ಡಿಸ್ಕೇ ಇಲ್ವಲ್ಲ! ಬಾಯಲ್ಲಿ ಹೇಳುವುದಕ್ಕಿಂತ ಬಿಚ್ಚಿ ತೋರಿಸೋದೇ ವಾಸಿ ಅನ್ನಿಸಿತು. ಮುಚ್ಚಳದ ಸ್ಕ್ರೂಗಳ ಪಕ್ಕ 'ಫಿಕ್ಸ್' ಎಂದು ಬರೆದಿರುತ್ತದೆ. ಅವನ್ನು ತೆಗೆದರೆ ಮುಚ್ಚಳ ಕೈಗೆ ಬರುತ್ತದೆ. ಎಡಗಡೆ ಪವರ್ ಸಪ್ಲೈ, ಮುಂದೆ ಕೀಬೋರ್ಡು, ಅಡಿಯಲ್ಲಿ ಒಂದು ದೊಡ್ಡ ಬೋರ್ಡು. 32 ಕೆಬಿ ಮೆಮೊರಿ, ಸ್ವಿಚ್ ಆರಿಸಿದರೆ ಅದೂ ಖಾಲಿ. ಬೇಸಿಕ್ ಇರೋದು ಆರ್‌ಒಎಂ ಚಿಪ್‌ನಲ್ಲಿ, ಅಂದರೆ ಓದಲು ಮಾತ್ರ ಆಗುವ ಚಿಪ್‌ನಲ್ಲಿ, ಕಾರ್ಖಾನೆಯಲ್ಲೇ ತುಂಬಿದ್ದು. ಫ್ಲಾಪಿ ಜೊತೆಗೆ ಬಂದರೆ ಅದೊಂದನ್ನು ನಾಶ ಮಾಡಿದರೆ ಸಾಕು.

"ಹಾಗಾದ್ರೆ ಆನ್ ಮಾಡಿ ನೋಡೋಣ" ಎಂದರು. ನಾನು ಬೇಡ ಎಂದೆ. ಪವರ್ ಸಪ್ಲೈ ಒಳಗೆ ಸಾಮಾನ್ಯವಾಗಿ ರೀಫಾ ಕಂಪನಿಯ ಕೆಪಾಸಿಟರ್ ಎಂಬ ಪುಟ್ಟ ವಿದ್ಯುತ್ ಭಾಗ ಇರುತ್ತದೆ. ಜೇನಿನ ಬಣ್ಣದ ಅದರ ಮೈ ವರ್ಷ ಕಳೆದಂತೆ ಬಿರುಕು ಬಿಟ್ಟು ತೇವ ಹೀರುತ್ತದೆ. ಕರೆಂಟ್ ಕೊಟ್ಟರೆ ಢಬ್ ಎಂದು ಒಡೆದು ಕೋಣೆ ತುಂಬ ನಾತದ ಹೊಗೆ. ಎಷ್ಟೋ ಒಳ್ಳೆ ಯಂತ್ರಗಳು 'ಸುಟ್ಟುಹೋಯ್ತು' ಅನ್ನಿಸಿಕೊಂಡು ಕಸಕ್ಕೆ ಬೀಳುವುದು ಇಷ್ಟಕ್ಕೇ. ನನಗೆ ಹೊಟ್ಟೆ ಉರಿಯುವುದು ಇದನ್ನು ನೆನೆದಾಗಲೇ. ಬದಲಿಸುವ ಭಾಗಕ್ಕೆ ಖರ್ಚು ಜಾಸ್ತಿ ಏನಿಲ್ಲ.

ಹೊಸದನ್ನು ಬೆಸುಗೆ ಹಾಕಿ ಮುಂದಿನ ಶನಿವಾರ ಆನ್ ಮಾಡಿದೆ. ಆ ಎರಡು ಸ್ವರದ ಬೀಪ್ ಬಂತು, ಕರ್ಸರ್ ಮಿನುಗಿತು. ಮ್ಯಾನೇಜರ್ ಕುರ್ಚಿ ಎಳೆದುಕೊಂಡು ಕೂತರು. ನಮ್ಮ ಫೋನುಗಳಲ್ಲಿರುವ ಆರ್ಮ್ ಪ್ರೊಸೆಸರ್ ಇದೆಯಲ್ಲ, ಅದನ್ನು ತಯಾರಿಸುವ ಮೊದಲು ಅಕಾರ್ನ್ ಎಂಜಿನಿಯರ್ ಸೋಫಿ ವಿಲ್ಸನ್ ಅದರ ಸಾಫ್ಟ್‌ವೇರ್ ನಕಲು ಓಡಿಸಿ ನೋಡಿದ್ದು ಬಿಬಿಸಿ ಬೇಸಿಕ್‌ನಲ್ಲೇ ಎಂದು ಹೇಳಿದೆ. ಅವರಿಗೆ ಅದು ಗೊತ್ತಿರಲಿಲ್ಲ.

ಈಗ ಪಂಜರದ ಮೇಲೆ ಒಂದು ಚೀಟಿ ಅಂಟಿಸಿದ್ದೇವೆ. ಅಕಾರ್ನ್, ಸಿಂಕ್ಲೇರ್, ಕಮೊಡೋರ್, ಆಮ್‌ಸ್ಟ್ರಾಡ್: ಹಳೆ ಕಂಪ್ಯೂಟರ್ ಕಂಪನಿಗಳ ಈ ಹೆಸರು ಕಂಡರೆ ಪಕ್ಕಕ್ಕಿಡಿ, ಆನ್ ಮಾಡಬೇಡಿ, ಶನಿವಾರದವರೆಗೆ ಕಾಯಿರಿ.