ಸಭೆಯ ಹಳೆಯ ದಫ್ತರಗಳಲ್ಲಿರುವ ಕಪ್ಪು ಜನರ ಇತಿಹಾಸ

ಅಮೆರಿಕದ ಅನೇಕ ಕ್ರೈಸ್ತ ಸಭೆಗಳಲ್ಲಿ ಫೆಬ್ರವರಿ ಬಂತೆಂದರೆ ಕಪ್ಪು ಜನರ ಇತಿಹಾಸವನ್ನು ನೆನೆಯುವ ರೂಢಿಯಿದೆ. ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕುರಿತು ಒಂದು ಉಪದೇಶ, ಗುಲಾಮಗಿರಿಯ ಕಾಲದ ಒಂದೆರಡು ಹಾಡು, ಗೋಡೆಯ ಮೇಲೆ ಕೆಲವು ಭಾವಚಿತ್ರಗಳು. ಮಾರ್ಚ್ ಕಾಲಿಡುತ್ತಿದ್ದಂತೆ ಎಲ್ಲವನ್ನೂ ತೆಗೆದಿಡಲಾಗುತ್ತದೆ. ಇತಿಹಾಸಕಾರ ಕಾರ್ಟರ್ ಜಿ. ವುಡ್‌ಸನ್ 1926ರಲ್ಲಿ ಒಂದು ವಾರದ ಆಚರಣೆಯಾಗಿ ಆರಂಭಿಸಿದ್ದು 1976ರ ಹೊತ್ತಿಗೆ ಇಡೀ ತಿಂಗಳಿಗೆ ವಿಸ್ತರಿಸಿತು. ಆ ಆಚರಣೆಯ ಬಗ್ಗೆ ನನಗೆ ಗೌರವವಿದೆ. ಆದರೆ ಬಿಳಿಯರೇ ಹೆಚ್ಚಾಗಿರುವ ಸಭೆಗಳು ಈ ಇತಿಹಾಸವನ್ನು ಬೇರೆ ಯಾರದೋ ಮನೆಯ ಕಥೆಯೆಂಬಂತೆ ಆದರದಿಂದ ಕೇಳಿ ಎದ್ದುಹೋಗುವುದು ನನ್ನನ್ನು ಬಹುಕಾಲದಿಂದ ಕಾಡುತ್ತಿದೆ, ಏಕೆಂದರೆ ಅದರ ಬಹುಭಾಗ ನಡೆದದ್ದು ದೇವಾಲಯಗಳ ಒಳಗೇ.

ಫಿಲಡೆಲ್ಫಿಯಾದ ಸೇಂಟ್ ಜಾರ್ಜ್ ಮೆಥಡಿಸ್ಟ್ ದೇವಾಲಯದಲ್ಲಿ 18ನೇ ಶತಮಾನದ ಕೊನೆಯ ಭಾಗದಲ್ಲಿ ನಡೆದುದನ್ನೇ ನೋಡಿ. ರಿಚರ್ಡ್ ಅಲೆನ್ ಮತ್ತು ಅಬ್ಸಲೋಮ್ ಜೋನ್ಸ್ ಇಬ್ಬರೂ ಗುಲಾಮರಾಗಿ ಹುಟ್ಟಿ ಸ್ವತಂತ್ರರಾದವರು. ಅಲೆನ್ ತಮ್ಮ ಆತ್ಮವೃತ್ತಾಂತದಲ್ಲಿ ಬರೆದಿರುವಂತೆ, ದೇವಾಲಯದ ಉಪ್ಪರಿಗೆಯನ್ನು ಕಟ್ಟಲು ಮತ್ತು ಹೊಸ ನೆಲ ಹಾಸಲು ಕಪ್ಪು ಸದಸ್ಯರು ಧಾರಾಳವಾಗಿ ಹಣ ಕೊಟ್ಟಿದ್ದರು. ಒಂದು ಭಾನುವಾರ ಅವರು ಆ ಉಪ್ಪರಿಗೆಯಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಾಗ, ಕುಳಿತ ಜಾಗ ಅವರದಲ್ಲವೆಂದು ಹೇಳಿ ಮೇಲ್ವಿಚಾರಕರೊಬ್ಬರು ಜೋನ್ಸ್ ಅವರನ್ನು ಹಿಡಿದೆಬ್ಬಿಸಿದರು. ಪ್ರಾರ್ಥನೆ ಮುಗಿಯುವವರೆಗಾದರೂ ತಾಳಿರೆಂದು ಜೋನ್ಸ್ ಕೇಳಿಕೊಂಡರೂ ಅದಕ್ಕೆ ಬೆಲೆ ಸಿಗಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಕಪ್ಪು ಸದಸ್ಯರೆಲ್ಲ ಒಟ್ಟಾಗಿ ಹೊರನಡೆದರು. ಅಲೆನ್ 1794ರಲ್ಲಿ ಬೆಥೆಲ್ ದೇವಾಲಯವನ್ನು ಆರಂಭಿಸಿದರು; 1816ರಲ್ಲಿ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆ ರೂಪುಗೊಂಡಾಗ ಅವರೇ ಅದರ ಮೊದಲ ಬಿಷಪರಾದರು. ಕಪ್ಪು ಜನರ ಸಭೆಗಳು ಪ್ರತ್ಯೇಕವಾಗಿ ಏಕಿವೆಯೆಂದು ಇಂದಿಗೂ ಅಮಾಯಕವಾಗಿ ಕೇಳುವವರಿದ್ದಾರೆ. ಅವರು ಮೊದಲು ಈ ಪ್ರಸಂಗವನ್ನು ಓದಬೇಕು.

ಆದ್ದರಿಂದ, ಈ ಇತಿಹಾಸವನ್ನು ಗೌರವಿಸಬಯಸುವ ಸಭೆ ತನ್ನದೇ ಕಪಾಟಿನಿಂದ ಆರಂಭಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಸಭೆ ಹಳೆಯದಾಗಿದ್ದರೆ ಅದರ ದೀಕ್ಷಾಸ್ನಾನದ ದಾಖಲೆಗಳಲ್ಲಿ ಮನೆತನದ ಹೆಸರೇ ಇಲ್ಲದ, ಒಡೆಯನ ಹೆಸರಿನ ಕೆಳಗೆ ಒಂದೇ ಪದದಲ್ಲಿ ನಮೂದಾದ ಮನುಷ್ಯರು ಸಿಗಬಹುದು. ಗೋಡೆಗಳನ್ನು ಎಬ್ಬಿಸಿದ ಕೈಗಳು ಯಾರವು, ಮೊದಲ ದಾನಿಗಳ ಸಂಪತ್ತು ಯಾವ ಹೊಲಗಳಿಂದ ಬಂತು, 1960ರ ದಶಕದಲ್ಲಿ ಕಪ್ಪು ವಿದ್ಯಾರ್ಥಿಗಳು ಬಿಳಿಯರ ದೇವಾಲಯಗಳ ಬಾಗಿಲಿಗೆ ಆರಾಧನೆಗೆಂದು ಬಂದು ನಿಂತಾಗ ಆಡಳಿತ ಮಂಡಳಿ ಏನು ತೀರ್ಮಾನಿಸಿತು ಎಂಬುದೆಲ್ಲ ನಡಾವಳಿ ಪುಸ್ತಕಗಳಲ್ಲಿ ಇರಬಹುದಾದ ಸಂಗತಿಗಳು. ಸಭೆ ಹೊಸದಾಗಿದ್ದರೂ ಅದು ಸೇರಿದ ಪಂಗಡಕ್ಕೆ ಒಂದು ಚರಿತ್ರೆ ಇದ್ದೇ ಇರುತ್ತದೆ. ಗುಲಾಮರ ಒಡೆಯರು ಧರ್ಮಪ್ರಚಾರಕರಾಗಬಹುದೇ ಎಂಬ ವಿವಾದದಿಂದಲೇ 1845ರಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಪಂಗಡ ಬೇರೆಯಾಯಿತು. ಅದು ಗುಲಾಮಗಿರಿಯ ವಿಷಯದಲ್ಲಿ ಕ್ಷಮೆ ಕೇಳುವ ನಿರ್ಣಯ ಮಾಡಿದ್ದು 1995ರಲ್ಲಿ. ಒಡೆದುಹೋಗಿದ್ದ ಮೆಥಡಿಸ್ಟ್ ಪಂಗಡಗಳು 1939ರಲ್ಲಿ ಒಂದಾದಾಗ ತಮ್ಮಲ್ಲಿದ್ದ ಕಪ್ಪು ಸಭೆಗಳನ್ನು ಬಣ್ಣದ ಆಧಾರದ ಮೇಲೆ ಪ್ರತ್ಯೇಕ ಆಡಳಿತ ವಿಭಾಗವೊಂದಕ್ಕೆ ತಳ್ಳಿದವು, ಆ ವ್ಯವಸ್ಥೆ 1968ರವರೆಗೆ ಉಳಿಯಿತು. ಮೇರಿಲ್ಯಾಂಡಿನ ಜೆಸ್ವಿತರೆಂಬ ಕ್ಯಾಥೊಲಿಕ್ ಗುರುಗಳು 1838ರಲ್ಲಿ 272 ಗುಲಾಮರನ್ನು ಮಾರಿ, ಬಂದ ಹಣದ ಒಂದು ಭಾಗದಿಂದ ಜಾರ್ಜ್‌ಟೌನ್ ಕಾಲೇಜಿನ ಸಾಲ ತೀರಿಸಿದರು.

ಇಂಥ ಅಧ್ಯಯನಕ್ಕೆ ಒಂದು ಎಚ್ಚರಿಕೆ ಅಗತ್ಯ. ಸಭೆಯಲ್ಲಿ ನಾಲ್ಕಾರು ಕಪ್ಪು ಸದಸ್ಯರಿದ್ದರೆ, ಕಲಿಸುವ ಹೊರೆಯನ್ನೆಲ್ಲ ಅವರ ಹೆಗಲಿಗೇರಿಸಿ, ಅವರ ಬದುಕಿನ ನೋವನ್ನು ಎಲ್ಲರೆದುರು ಬಿಚ್ಚಿಡಲು ಕೇಳುವುದು ಅನ್ಯಾಯ. ತಾವಾಗಿ ಮಾತನಾಡಬಯಸಿದವರು ಮಾತನಾಡಲಿ. ಓದುವ ಶ್ರಮ ಉಳಿದವರದು. ಓದಿಗೆ ನಾನು ಮೊದಲು ಸೂಚಿಸುವುದು 1963ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮಿನ ಸೆರೆಮನೆಯಿಂದ ಕಿಂಗ್ ಬರೆದ ಪತ್ರವನ್ನು. ಅದು ಆ ಊರಿನ ಪ್ರತಿಭಟನೆಗಳನ್ನು ಟೀಕಿಸಿ ಹೇಳಿಕೆ ಹೊರಡಿಸಿದ್ದ ಅಲಬಾಮದ ಎಂಟು ಮಂದಿ ಬಿಳಿಯ ಧರ್ಮಗುರುಗಳಿಗೆ ಬರೆದ ಉತ್ತರ. ಆ ಎಂಟು ಮಂದಿಯ ಹೇಳಿಕೆಯನ್ನೂ ಪಕ್ಕದಲ್ಲಿಟ್ಟುಕೊಂಡು ಓದಬೇಕು, ಏಕೆಂದರೆ ಅದರ ಭಾಷೆ ಸೌಮ್ಯವಾಗಿದೆ, ಸಭ್ಯವಾಗಿದೆ, ತಾಳ್ಮೆಯನ್ನು ಬೋಧಿಸುತ್ತದೆ. ನಮ್ಮ ಸಭೆಗಳ ಇಂದಿನ ಮಾತಿಗೂ ಅದಕ್ಕೂ ಇರುವ ಹೋಲಿಕೆ ಓದುಗರಿಗೆ ತಾನಾಗಿಯೇ ಕಾಣುತ್ತದೆ. ಅದೇ ವರ್ಷ ಸೆಪ್ಟೆಂಬರ್ 15ರ ಭಾನುವಾರ ಅದೇ ಊರಿನ 16ನೇ ಬೀದಿಯ ಬ್ಯಾಪ್ಟಿಸ್ಟ್ ದೇವಾಲಯದಲ್ಲಿ ಬಾಂಬ್ ಸಿಡಿದು ನಾಲ್ವರು ಬಾಲಕಿಯರು ಸತ್ತರು. ಆಡಿ ಮೇ ಕಾಲಿನ್ಸ್, ಸಿಂಥಿಯಾ ವೆಸ್ಲಿ, ಕ್ಯಾರೋಲ್ ರಾಬರ್ಟ್‌ಸನ್, ಡೆನಿಸ್ ಮೆಕ್‌ನೇರ್ ಎಂಬ ಆ ಹೆಸರುಗಳನ್ನು ಆರಾಧನೆಯಲ್ಲಿ ಗಟ್ಟಿಯಾಗಿ ಓದಬೇಕು.

ಹಾಡುಗಳ ವಿಚಾರವೂ ಹೀಗೆಯೇ. ಗುಲಾಮರು ಕಟ್ಟಿದ ಗೀತೆಗಳು ಇಂದು ಬಹುತೇಕ ಎಲ್ಲ ಪಂಗಡಗಳ ಗೀತಪುಸ್ತಕಗಳಲ್ಲಿವೆ, ಕಟ್ಟಿದವರ ಹೆಸರು ಮಾತ್ರ ಇಲ್ಲ. ಗೌರವಧನ ಪಡೆಯಲು ವಾರಸುದಾರರೂ ಇಲ್ಲ. ಮ್ಯಾಸಚೂಸೆಟ್ಸ್‌ನ ಬ್ರೂಕ್‌ಲೈನ್‌ನಲ್ಲಿರುವ ಯುನೈಟೆಡ್ ಪ್ಯಾರಿಷ್ ಸಭೆ 2021ರಲ್ಲಿ, ಇಂಥ ಗೀತೆಯನ್ನು ಹಾಡಿದಾಗಲೆಲ್ಲ ವಿಶೇಷ ಕಾಣಿಕೆ ಎತ್ತಿ ಕಪ್ಪು ಮಕ್ಕಳ ಸಂಗೀತ ಶಿಕ್ಷಣಕ್ಕೆ ಕಳುಹಿಸುವ ಕ್ರಮವನ್ನು ಆರಂಭಿಸಿತು. ಇದು ಸಣ್ಣ ಸಭೆಗೂ ಸಾಧ್ಯವಿರುವ ಕೆಲಸ.

ಹಣದ ಮಾತು ಬಂದೊಡನೆ ಅನೇಕರಿಗೆ ಮುಜುಗರವಾಗುವುದನ್ನು ಕಂಡಿದ್ದೇನೆ. ಪ್ರಾರ್ಥನೆ ಸಾಲದೇ ಎಂದು ಕೇಳುತ್ತಾರೆ. ಸುಂಕದವನಾದ ಜಕ್ಕಾಯನು ಯೇಸುವಿನ ಮುಂದೆ ನಿಂತು, ತಾನು ಅನ್ಯಾಯವಾಗಿ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಹೇಳಿದ ಮೇಲೆಯೇ ಈ ಮನೆಗೆ ರಕ್ಷಣೆ ಬಂತೆಂಬ ಮಾತು ಲೂಕನ ಸುವಾರ್ತೆಯಲ್ಲಿ ಬರುತ್ತದೆ. ಧರ್ಮಗುರುಗಳನ್ನು ತರಬೇತುಗೊಳಿಸುವ ವರ್ಜೀನಿಯಾ ಥಿಯಾಲಾಜಿಕಲ್ ಸೆಮಿನರಿ ಅದನ್ನು ಅಕ್ಷರಶಃ ಕಾರ್ಯಕ್ಕೆ ಇಳಿಸಲು ಯತ್ನಿಸಿದೆ. ಗುಲಾಮರ ದುಡಿಮೆಯನ್ನು ಬಳಸಿಕೊಂಡಿದ್ದ ಆ ಸಂಸ್ಥೆ 2019ರಲ್ಲಿ 17 ಲಕ್ಷ ಡಾಲರ್‌ಗಳ ಪರಿಹಾರ ನಿಧಿಯನ್ನು ಸ್ಥಾಪಿಸಿತು. ತನ್ನ ಆವರಣದಲ್ಲಿ ಗುಲಾಮಗಿರಿಯ ಕಾಲದಲ್ಲಿಯೂ ನಂತರ ಕಪ್ಪು ಜನರನ್ನು ಪ್ರತ್ಯೇಕವಾಗಿಟ್ಟ ಬಣ್ಣದ ಕಾನೂನುಗಳ ಕಾಲದಲ್ಲಿಯೂ ದುಡಿದವರ ಹೆಸರುಗಳನ್ನು ಹಳೆಯ ದಾಖಲೆಗಳಲ್ಲಿ ಒಂದೊಂದಾಗಿ ಹುಡುಕಿ, 2021ರಿಂದ ಅವರ ವಂಶಸ್ಥರಿಗೆ ನೇರವಾಗಿ ಹಣ ಪಾವತಿಸತೊಡಗಿತು.