ಬಟವಾಡೆಯ ದಿನ ಕೇಳಿದ ಮಾತು

“ಚಿಕ್ಕವನನ್ನೂ ಡಿಗ್ರಿಗೆ ಸೇರಿಸ್ಲಾ ಅಣ್ಣ?”

ನಾಲ್ಕು ದಿನವಾಯಿತು, ಈ ಮಾತು ತಲೆಯಿಂದ ಹೋಗುತ್ತಿಲ್ಲ.

ಶನಿವಾರ ತೋಟದಲ್ಲಿ ಬಟವಾಡೆ. ರೊಬಸ್ಟಾ ಕಾಫಿ ಕುಯ್ಲು, ಕೆಜಿಗೆ 6 ರೂಪಾಯಿ. ಕೆಲಸಕ್ಕೆ ಬರುವ ಅಕ್ಕ ಆರು ದಿನದಲ್ಲಿ 660 ಕೆಜಿ ಕುಯ್ದಿದ್ದರು. ನಾನು 3,900 ಕೊಟ್ಟೆ. ರಜೆ ಹಾಕಿ ಬಂದಿದ್ದ ಅವರ ಮಗಳು ಲೆಕ್ಕದ ಪುಸ್ತಕ ನೋಡಿ, “ಅಂಕಲ್, 3,960 ಆಗ್ಬೇಕು” ಅಂದಳು. ಹೌದು, ನಾನೇ ತಪ್ಪಿದ್ದೆ. ಅಕ್ಕ ನೋಟು ಎಣಿಸಿಕೊಂಡರು. ಉಗುರೆಲ್ಲ ಕಪ್ಪು, ಮೊಣಕೈವರೆಗೂ ಕೆಂಜಿಗ ಕಚ್ಚಿದ ಗುರುತು. ಆಮೇಲೆ ಮಗಳ ಮುಖ ನೋಡಿ, ಆ ಮಾತು ಕೇಳಿದರು.

ಮಗಳು ಬಿ.ಕಾಂ. ಕುಶಾಲನಗರದ ಒಂದು ಅಂಗಡಿಯಲ್ಲಿ ತಿಂಗಳಿಗೆ 12,000. ಬೆಳಿಗ್ಗೆಯಿಂದ ರಾತ್ರಿವರೆಗೆ ನಿಲ್ಲಿಸಿಕೊಂಡು ಅಷ್ಟೇ ಕೊಡೋದು ಅನ್ಯಾಯ. ಈ ತಿಂಗಳು ಅಮ್ಮನ ದುಡಿಮೆಯೇ ಜಾಸ್ತಿ.

ನಮ್ಮಪ್ಪ 1968ರಲ್ಲಿ ಮಡಿಕೇರಿಯ ಸರ್ಕಾರಿ ಕಾಲೇಜಿನಲ್ಲಿ, ಅಂದರೆ ಈಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜಿನಲ್ಲಿ, ಬಿ.ಎ. ಮುಗಿಸಿದರು. ನಮ್ಮೂರಿಗೆ ಒಬ್ಬರೇ ಡಿಗ್ರಿಯವರು. ವರ್ಷದೊಳಗೆ ಸರ್ಕಾರಿ ಕೆಲಸ. ಆ ಸಂಬಳದಲ್ಲೇ ಇಬ್ಬರು ಚಿಕ್ಕಪ್ಪಂದಿರು ಓದಿದರು, ಅತ್ತೆಯ ಮದುವೆಯಾಯಿತು, ಈ ಎರಡು ಎಕರೆಯೂ ಬಂತು. ನಾನು 1994ರಲ್ಲಿ ಡಿಗ್ರಿ ಮುಗಿಸಿ ನಾಲ್ಕು ವರ್ಷ ಅಲೆದೆ. ಕೆಲಸವೇನೋ ಸಿಕ್ಕಿತು, ಸಂಸಾರ ನಡೆಯಿತು. ಒಂದು ಸೆಂಟ್ ಜಾಗ ಕೊಳ್ಳಲು ಮಾತ್ರ ಆಗಲಿಲ್ಲ.

ಅಮೆರಿಕದಲ್ಲೂ ಹೀಗೇ ಆಗಿದೆ. ಅಲ್ಲಿನ ಕೇಂದ್ರ ಬ್ಯಾಂಕ್ ವ್ಯವಸ್ಥೆಯ ಭಾಗವಾದ ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ ಸಂಶೋಧಕರು 2019ರಲ್ಲಿ ಲೆಕ್ಕ ಹಾಕಿದ್ದರು. 1980ರ ದಶಕದಲ್ಲಿ ಹುಟ್ಟಿದ ಪದವೀಧರರಿಗೆ ಡಿಗ್ರಿ ಇಲ್ಲದವರಿಗಿಂತ ಈಗಲೂ ಸಂಬಳ ಜಾಸ್ತಿ, ಆದರೆ ಆಸ್ತಿ ಮಾಡುವುದರಲ್ಲಿ ಹಿಂದಿನವರಿಗಿದ್ದ ಮೇಲುಗೈ ತುಂಬಾ ಕುಗ್ಗಿದೆ. ಓದಿದಾಗ ನಮ್ಮ ಮನೆಯ ಕಥೆಯೇ ಅನ್ನಿಸಿತು.

ಆಗ ಡಿಗ್ರಿಯವರು ಬೆರಳೆಣಿಕೆ. ಈಗ ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಎಲ್ಲ ಕಡೆ ಕಾಲೇಜು. ಅದು ಒಳ್ಳೆಯದೇ. ಇಲ್ಲದಿದ್ದರೆ ತೋಟದ ಕೆಲಸದವರ ಲೈನ್ ಮನೆಯ ಹುಡುಗಿ ಬಿ.ಕಾಂ. ಮಾಡುತ್ತಿದ್ದಳಾ? ಆದರೆ ಓದಿದವರು ಹೆಚ್ಚಿದಷ್ಟು ಕೆಲಸ ಹೆಚ್ಚಲಿಲ್ಲ. ಡಿಗ್ರಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದವರಿಗೆ ಸರ್ಕಾರವೇ ಯುವನಿಧಿ ಅಂತ ತಿಂಗಳಿಗೆ 3,000 ಕೊಡುವ ಸ್ಥಿತಿ ಬಂದಿದೆ.

ಹಾಗಂತ ಬೇಡ ಅನ್ನಲಾ? ಕುಯ್ಲು ಎರಡು ಮೂರು ತಿಂಗಳ ಮಾತು. ಮಳೆಗಾಲದಲ್ಲಿ ಅಕ್ಕನಿಗೆ ವಾರಕ್ಕೆ ಮೂರು ದಿನ ಕೆಲಸ ಸಿಕ್ಕರೆ ಹೆಚ್ಚು. ಮಗಳಿಗೆ ವರ್ಷವಿಡೀ ಸಂಬಳ ಬರುತ್ತದೆ, ಮೈಮೇಲೆ ಕೆಂಜಿಗ ಹತ್ತುವುದಿಲ್ಲ.

ಇದೇ ಪ್ರಶ್ನೆ ಯಾರಾದರೂ ನಮ್ಮಪ್ಪನನ್ನು ಕೇಳಿದ್ದರೆ ಉತ್ತರಕ್ಕೆ ಒಂದು ಕ್ಷಣವೂ ಬೇಕಿರಲಿಲ್ಲ. ನನಗೆ ಬೇಕಾಯಿತು. ಅಕ್ಕ ಕಾಯುತ್ತಾ ನಿಂತಿದ್ದರು.

“ಸೇರಿಸಿ ಅಕ್ಕ. ಫೀಸ್ ಕಟ್ಟುವಾಗ ನನಗೂ ಒಂದು ಮಾತು ಹೇಳಿ” ಅಂದೆ.

ಮಗಳು ತಲೆಯೆತ್ತಲಿಲ್ಲ. ಮುಂದಿನವರ ಲೆಕ್ಕ ಕೂಡಿಸುತ್ತಿದ್ದಳು.