ನಂಬರ್ ಪ್ಲೇಟಿನಿಂದ ಇಂಗ್ಲಿಷ್ ಪದ: ಇಷ್ಟರವರೆಗೆ ಆದದ್ದು

ರಜೆಗೆ ಬಂದ ಅಕ್ಕನ ಮಗಳ ಜೊತೆ ಶುರುವಾದ ಆಟ ಇದು. ಬದಿಯಡ್ಕದಿಂದ ಕುಂಬಳೆಗೆ, ಅಲ್ಲಿಂದ ಮಂಗಳೂರಿಗೆ ಬಸ್ಸು. ಎದುರು ಬರುವ ಗಾಡಿಯ ನಂಬರ್ ಪ್ಲೇಟ್ ನೋಡಬೇಕು, ಅದರಲ್ಲಿರುವ ಅಕ್ಷರಗಳೆಲ್ಲ ಇರುವ ಒಂದು ಇಂಗ್ಲಿಷ್ ಪದ ಹೇಳಬೇಕು. ನಡುವೆ ಬೇರೆ ಅಕ್ಷರ ಎಷ್ಟಿದ್ದರೂ ಅಡ್ಡಿಯಿಲ್ಲ. ನಮ್ಮದು ಕೇರಳದ ಕಾಸರಗೋಡು, ಇಲ್ಲಿ ಕೆಎಲ್ 14 ಗಾಡಿಗಳೇ ಜಾಸ್ತಿ. ಹೊಸದುರ್ಗದ ಕೆಎಲ್ 60 ಬಂದರೂ ಕೆ ಮತ್ತು ಎಲ್ ತಪ್ಪುವುದಿಲ್ಲ. ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಬಂದರೆ ಕೆಎ 19, ಎಲ್ ಹೋಗಿ ಎ ಬರುತ್ತದೆ.

ಕೆಎಲ್ ಜೊತೆ ಪಿ ಬಂದಾಗ ಅವಳು ಥಟ್ಟನೆ 'ಪಿಕಲ್' ಅಂದಳು. ಝಡ್ ಬಂದಾಗ ಇಬ್ಬರೂ ಸುಮ್ನೆ ಕೂತೆವು. "ಮಾವಾ, ಅಂಥ ಪದ ಉಂಟಾ?" ಅಂತ ಕೇಳಿದಳು. ಉಂಟೋ ಇಲ್ಲವೋ ಹೇಳಲು ಆಗಲಿಲ್ಲ. ಮನೆಗೆ ಬಂದು ಲ್ಯಾಪ್‌ಟಾಪ್ ತೆಗೆದೆ.

ಮೊದಲ ರಾತ್ರಿ. ಎನೇಬಲ್ ಅನ್ನುವ ಪದಪಟ್ಟಿ ಇಳಿಸಿಕೊಂಡೆ. ಪದದಾಟಗಳನ್ನು ಬರೆಯುವವರು ಬಳಸುವ ಹಳೆಯ ಪಟ್ಟಿ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. 1.7 ಲಕ್ಷಕ್ಕೂ ಹೆಚ್ಚು ಪದಗಳಿವೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾಲ್ಕು ಸಾಲು ಬರೆದದ್ದೇ ತಡ, ಝಡ್‌ಗೆ ಉತ್ತರ ಬಂತು: 'ಕ್ಲಟ್ಜ್'. ಕೈಗೆ ಸಿಕ್ಕಿದ್ದನ್ನೆಲ್ಲ ಬೀಳಿಸುವವನು ಅಂತ ಅರ್ಥ. ಜೆಗೆ 'ಜಾಕಲ್', ವಿಗೆ 'ಲೈವ್‌ಸ್ಟಾಕ್', ಕ್ಯೂಗೆ 'ಕ್ವಿಕ್ಲಿ'. ಕ್ವಿಕ್ಲಿ ನಮಗೆ ಹೊಳೆಯಬೇಕಿತ್ತು, ಅಲ್ವಾ?

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಚುರುಕು ಮಾಡುವ ಆಸೆ. ಇಪ್ಪತ್ತಾರು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಉಪಾಯ ಗೊತ್ತಿತ್ತು: ಎಗೆ 1, ಬಿಗೆ 2, ಸಿಗೆ 4, ಹೀಗೆ ದುಪ್ಪಟ್ಟಾಗುತ್ತಾ ಕೆಗೆ 1024, ಎಲ್‌ಗೆ 2048. ಪ್ರತಿ ಪದವೂ ಒಂದು ಸಂಖ್ಯೆಯಾಗುತ್ತದೆ. ಕೆ ಮತ್ತು ಎಲ್ ಸೇರಿದರೆ 3072. ಕಂಪ್ಯೂಟರು ಸಂಖ್ಯೆಯನ್ನು ಬಿಟ್‌ಗಳಾಗಿ, ಅಂದರೆ 0 ಮತ್ತು 1 ಆಗಿ, ಇಡುತ್ತದೆ; ಒಂದೊಂದು ಅಕ್ಷರಕ್ಕೆ ಒಂದೊಂದು ಬಿಟ್. ಪದದ ಸಂಖ್ಯೆಯೊಳಗೆ ಆ ಎರಡು ಬಿಟ್‌ಗಳು ಇವೆಯಾ ಅಂತ ಒಂದೇ ಏಟಿಗೆ ನೋಡಬಹುದು.

ಎರಡನೇ ದಿನ ಎಡವಟ್ಟು. ಪ್ಲೇಟಿನಲ್ಲಿ 'ಎಎ' ಇತ್ತು. ಕೆ, ಎಲ್, ಎ, ಎ ಕೊಟ್ಟರೆ ಪ್ರೋಗ್ರಾಮು 'ಬಲ್ಕ್' ಅಂತ ತೋರಿಸಿತು. ಅದರಲ್ಲಿ ಎ ಒಂದೂ ಇಲ್ಲ! ಅರ್ಧ ಗಂಟೆ ತಲೆ ಕೆರೆದುಕೊಂಡೆ. ಕೊನೆಗೆ ಕಂಡಿತು: ಕೇಳಿದ ಅಕ್ಷರಗಳನ್ನು ನಾನು ಸುಮ್ನೆ ಕೂಡುತ್ತಿದ್ದೆ. ಎ ಎರಡು ಸಲ ಬಂದರೆ 1 ಮತ್ತು 1 ಸೇರಿ 2. ಎರಡು ಅಂದರೆ ಬಿ. ಕೂಡುವ ಬದಲು ಬಿಟ್‌ವೈಸ್ ಆರ್ ಹಾಕಿದೆ, ಅದರಲ್ಲಿ ಅಕ್ಷರ ಎಷ್ಟು ಸಲ ಬಂದರೂ ಅದರ ಬಿಟ್ 1 ಆಗಿಯೇ ಉಳಿಯುತ್ತದೆ. ಆಗ ಬಲ್ಕ್ ಹೋಗಿ 'ಲೇಕ್' ಬಂತು. ಅದೂ ತಪ್ಪು, ಅದರಲ್ಲಿ ಎ ಒಂದೇ. ಒಂದು ಬಿಟ್ ಇದೆ ಅಥವಾ ಇಲ್ಲ ಅಂತ ಮಾತ್ರ ಹೇಳುತ್ತದೆ, ಎಷ್ಟು ಸಲ ಅಂತ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಬಿಟ್‌ನಿಂದ ಮೊದಲು ಸೋಸಿ, ಉಳಿದವುಗಳಲ್ಲಿ ಅಕ್ಷರಗಳನ್ನು ಎಣಿಸುವ ಹಾಗೆ ಮಾಡಿದೆ. ಈಗ 'ಆಲ್ಕಲಿ' ಸರಿಯಾಗಿ ಬಂತು.

ನಿಜ ಹೇಳಬೇಕೆಂದರೆ ಈ ಪಟ್ಟಿಗೆ ಬಿಟ್ ಸರ್ಕಸ್ ಬೇಕಿರಲಿಲ್ಲ. ನಾಲ್ಕು ಸಾಲಿನ ಪ್ರೋಗ್ರಾಮಿನಲ್ಲಿ ಎಣಿಕೆ ಒಂದು ಸೇರಿಸಿದ್ದರೆ ಸಾಕಿತ್ತು. ಕಣ್ಣಿಗೆ ವ್ಯತ್ಯಾಸ ಕಾಣುವುದೇ ಇಲ್ಲ.

ಮೂರನೇ ದಿನ ತಕರಾರು. ಸ್ಟೇಟ್ ಬ್ಯಾಂಕಿನ ಹತ್ತಿರ ಕರ್ನಾಟಕ ಸಾರಿಗೆಯ ಕೆಎ 19 ಎಫ್ ಬಸ್ಸು. ಆ ಬಸ್ಸುಗಳಿಗೆ ಎಫ್ ಇರುತ್ತದೆ. ನಾನು ಮೊಬೈಲ್ ನೋಡಿ 'ಬ್ರೇಕ್‌ಫಾಸ್ಟ್' ಅಂದೆ. "ಮಾವಾ, ಇದು ಮೋಸ" ಅಂದಳು. ಮೊಬೈಲ್ ನೋಡಿದ್ದಕ್ಕಲ್ಲ. ಪ್ಲೇಟಿನಲ್ಲಿ ಇರುವ ಸಾಲಿನಲ್ಲೇ ಬರಬೇಕಂತೆ, ಕೆ ಮೊದಲು, ಆಮೇಲೆ ಎ, ಆಮೇಲೆ ಎಫ್. ನಿಯಮ ಆಗಷ್ಟೇ ಹುಟ್ಟಿದ್ದು! ಆದರೂ ಆಟ ಚಂದವಾಯಿತು. ಇದಕ್ಕೆ ರೆಗೆಕ್ಸ್, ಅಂದರೆ ಪದದ ಮಾದರಿ ಕೊಟ್ಟು ಹುಡುಕುವ ವಿಧಾನ, ಸಾಕು: ಅಕ್ಷರಗಳ ನಡುವೆ ಒಂದೊಂದು ಚುಕ್ಕೆ ಮತ್ತು ನಕ್ಷತ್ರ, ಅಷ್ಟೇ. ನಡುವೆ ಏನು ಬೇಕಾದರೂ ಇರಲಿ ಅಂತ ಅದರ ಅರ್ಥ. ಕೆಎ ಎಫ್‌ಗೆ 'ಕಫ್ತಾನ್' ಸಿಕ್ಕಿತು. ಕೆಎಲ್ ಎಗೆ 'ಕೋಆಲ'. ಕೆಎಲ್ ಎಎಗೆ 'ಕೀಲ್ಬಾಸ'. ಅದು ಪೋಲೆಂಡಿನ ಸಾಸೇಜ್. ನಮ್ಮ ಅಡುಗೆಮನೆಗೆ ಬರುವ ವಸ್ತುವಲ್ಲ, ಅಮ್ಮನಿಗೆ ಅರ್ಥ ಹೇಳಲು ಹೋಗಲಿಲ್ಲ.

ಈಗ ಸಿಕ್ಕಿಹಾಕಿಕೊಂಡದ್ದು ಬೇರೆ ಕಡೆ. ಹುಡುಕುವುದು ಸುಲಭ, ಸಿಕ್ಕಿದ್ದರಲ್ಲಿ ಯಾವುದನ್ನು ಮೊದಲು ತೋರಿಸುವುದು? ಬರೀ ಕೆ ಮತ್ತು ಎಲ್ ಕೊಟ್ಟರೆ ಪದಗಳ ರಾಶಿಯೇ ಬೀಳುತ್ತದೆ. ಚಿಕ್ಕವು ಮೊದಲು ಅಂತ ಇಟ್ಟರೆ 'ಎಲ್ಕ್', 'ಇಲ್ಕ್', 'ಲೆಕ್'. ಲೆಕ್ ಅಲ್ಬೇನಿಯಾದ ದುಡ್ಡು. ಕನ್ನಡ ಮೀಡಿಯಂನ ಎಂಟನೇ ಕ್ಲಾಸಿನ ಹುಡುಗಿಗೆ ಅದನ್ನು ಹೇಳಿ ಏನು ಪ್ರಯೋಜನ? ಹೆಚ್ಚು ಬಳಕೆಯ ಪದ ಮೊದಲು ಬರಲಿ ಅಂತ ಕಾಪಿರೈಟ್ ಮುಗಿದ ಹಳೆಯ ಇಂಗ್ಲಿಷ್ ಕಾದಂಬರಿ ಕೆಲವನ್ನು ಇಳಿಸಿ ಪದ ಎಣಿಸಿದೆ. 'ಲೈಕ್', 'ಲುಕ್' ಸರಿಯಾಗಿ ಮೇಲೆ ಬಂದವು. ಆದರೆ 'ಕ್ಲೋಕ್' ಮೇಲೆ, 'ಕ್ಲಿಕ್' ಎಲ್ಲೋ ಕೆಳಗೆ. ಅಂದಿನವರು ನಿಲುವಂಗಿ ತೊಟ್ಟು ಓಡಾಡಿದರು, ಮೌಸ್ ಒತ್ತಲಿಲ್ಲ. ಅದಕ್ಕೆ ಈಗ ಅವಳ ಇಂಗ್ಲಿಷ್ ಪಾಠಪುಸ್ತಕದ ಪದಗಳನ್ನೇ ಟೈಪ್ ಮಾಡುತ್ತಿದ್ದೇನೆ. ಅವು ಮೊದಲು, ಉಳಿದವು ಆಮೇಲೆ. ಎರಡು ಪಾಠ ಮುಗಿಯುವಷ್ಟರಲ್ಲಿ ಮಳೆ, ಕರೆಂಟಿಲ್ಲ, ಬ್ಯಾಟರಿಯೂ ಖಾಲಿ.

ಕತ್ತಲಲ್ಲಿ ಕೂತಿದ್ದಾಗ ಅವಳದೇ ಪ್ರಶ್ನೆ: "ಕನ್ನಡದಲ್ಲಿ ಆಗುದಿಲ್ವಾ?" ಮರುದಿನ ನೋಡಿದೆ. 'ಕಾಸರಗೋಡು' ಎಷ್ಟು ಅಕ್ಷರ ಅಂದರೆ ಅಮ್ಮ ಐದು ಅನ್ನುತ್ತಾರೆ, ಪೈಥಾನ್ ಎಂಟು ಅನ್ನುತ್ತದೆ. ಕಾ ಅದಕ್ಕೆ ಎರಡು: ಕ ಮತ್ತು ದೀರ್ಘದ ಗುರುತು. ಗೋ, ಡು ಕೂಡ ಹಾಗೆಯೇ. ಗುಣಿತದ ಗುರುತನ್ನು ಅದರ ವ್ಯಂಜನಕ್ಕೆ ಅಂಟಿಸಿ, ಒತ್ತಕ್ಷರವನ್ನು ಒಟ್ಟಿಗೆ ಹಿಡಿದ ಮೇಲೆ ಐದು ಬಂತು. ಆದರೆ 'ವರ್ಗ' ನೋಡಿ. ಕಣ್ಣಿಗೆ ಅರ್ಕಾವತ್ತು ಗಕಾರ ಆದಮೇಲೆ, ಕಂಪ್ಯೂಟರಿನಲ್ಲಿ ರಕಾರ ಗಕಾರಕ್ಕಿಂತ ಮೊದಲು. ಸಾಲಿನಲ್ಲೇ ಬರಬೇಕು ಅನ್ನುವ ನಿಯಮಕ್ಕೆ ಯಾವುದನ್ನು ಹಿಡಿಯುವುದು? ಅವಳನ್ನೇ ಕೇಳಿದೆ. "ಓದುವಾಗ ಮೊದಲು ಬಾಯಿಗೆ ಬರುವುದು ಯಾವುದೋ ಅದು" ಅಂದಳು. ಅಂದರೆ ಕಂಪ್ಯೂಟರಿನ ಪರ. ಮುಂದಿನ ವಾರ ಆ ಭಾಗ ಬರೆಯಬೇಕು, ಅದಕ್ಕೂ ಮೊದಲು ಉಳಿದ ಪಾಠಗಳ ಟೈಪಿಂಗ್.